ನಮ್ಮ ಹುಡುಗನ ಹಾಡಿನ ಚಿತ್ರ

ಹಾಡು ಕೇಳತಕ್ಕದ್ದು, ನೋಡತಕ್ಕದ್ದಲ್ಲ ಎಂಬದು ನಮ್ಮ ಬಹುದಿನದ ಮತವಾಗಿತ್ತು. ೩೨ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಕಲಿಸುತ್ತ ಗಳಿಸಿಕೊಂಡ ಮತವದು. ಕಣ್ಣು ಮುಚ್ಚಿ ಕೇಳಿದರೆ ಬಾವಿಯ ಆಳ ತಿಳಿಯುತ್ತದೆ, ಕಣ್ಣು ತೆರೆದರೆ ಹಗ್ಗ ಕೊಡಗಳಷ್ಟೇ ಕಾಣುತ್ತವೆ ಎಂದು ಹೇಳಿ ಮಕ್ಕಳನ್ನು ನಂಬಿಸಿದ್ದೆವು, ನಾವೂ ನಂಬಿದ್ದೆವು. ಹೀಗಿರಲಾಗಿ ನಮ್ಮ ಮನೆಯಲ್ಲಿಯೇ ಹಾಡುಗಳಿಗೆ ಚಿತ್ರ ಕಟ್ಟುವವನೊಬ್ಬನು ಹುಟ್ಟಿಕೊಂಡನೆಂದರೆ ವಾಚಕರು ನಗದೆ ಇರಲಾರರು. ನಗಲಿ. ಆದರೆ ನಾವಿಲ್ಲಿ ಬರೆಯ ಹೊರಟದ್ದು ಬರಿಯ ನಗೆಯ ಸಂಗತಿಯನ್ನಲ್ಲ. ನಮ್ಮದೊಂದು ತಪ್ಪು ಇದರಲ್ಲಿ ಸೇರಿದೆ. ಅದನ್ನು ಅದರ ಸ್ಥಳದಲ್ಲಿ ಹೇಳುವೆವು.

ಹುಡುಗನು ನಮ್ಮ ಅಣ್ಣನ ಮಗ. ಅಣ್ಣನು ತೀರಿಕೊಂಡಾಗ ಇವನಿಗೆ ಒಂಬತ್ತು ವರ್ಷ. ಅಂದಿನಿಂದ ಸಿಂದಗಿಯ ನಮ್ಮ ಹಳೆಯ ಮನೆಯಲ್ಲಿ ಎರಡು ಒಲೆಗಳು ಒಂದಾದವು. ಓದು ಮುಗಿಸಿದ ಮೇಲೆ ಏನಾದರೊಂದು ನೌಕರಿಯ ಪರೀಕ್ಷೆಗೆ ಕೂಡುವನೆಂದು ಅತ್ತಿಗೆಯವರು ಕಾಯುತ್ತಿದ್ದರು. ಇವನು ಮದುವೆಗಳಲ್ಲಿ ಫೋಟೋ ತೆಗೆಯುವವರ ಹಿಂದೆ ದೀಪ ಹಿಡಿದುಕೊಂಡು ತಿರುಗಹತ್ತಿದನು. ಎರಡು ವರ್ಷ ದೀಪ ಹಿಡಿದವನು ಮೂರನೆಯ ವರ್ಷ ಹಳೆಯದೊಂದು ಕ್ಯಾಮರಾ ಕೊಂಡು ತಂದನು. ತಾಯಿಯ ಕೈಯಲ್ಲಿದ್ದ ನಾಲ್ಕು ಬಂಗಾರದ ಬಳೆಗಳು ಅಂದು ಎರಡಾದವು.

ನಮ್ಮ ಸೀಮೆಯಲ್ಲಿ ಈಗ ಜಾನಪದ ಹಾಡುಗಳೆಂದು ಕರೆಯಿಸಿಕೊಳ್ಳುವ ಹೊಸ ಹಾಡುಗಳ ಸುಗ್ಗಿ. ಟ್ರ್ಯಾಕ್ಟರು ಹೊಡೆಯುವವನೂ ಕಿರಾಣಿ ಅಂಗಡಿಯಲ್ಲಿ ತೂಕ ಮಾಡುವವನೂ ಹಾಡು ಕಟ್ಟುತ್ತಾರೆ. ಸಣ್ಣ ಕೋಣೆಯೊಂದರಲ್ಲಿ ಧ್ವನಿ ಮುದ್ರಿಸುತ್ತಾರೆ. ಅದಕ್ಕೊಂದು ಚಿತ್ರ ಮಾಡಿಸಿ ಯೂಟ್ಯೂಬಿಗೆ ಏರಿಸುತ್ತಾರೆ. ಜಾತ್ರೆಗಳಲ್ಲಿ, ಕಬ್ಬಿನ ಗಾಡಿಗಳಲ್ಲಿ, ಬಸ್ಸಿನ ನಿಲುದಾಣದಲ್ಲಿ ಎಲ್ಲಿ ಹೋದರೂ ಅವೇ. ನಮಗೆ ಅವುಗಳ ಮೇಲೆ ಅಷ್ಟಾಗಿ ಪ್ರೀತಿಯಿರಲಿಲ್ಲ. "ಇದೇ ಜಿಲ್ಲೆಯ ಹಲಸಂಗಿಯವರು ಎಂಥ ಹಾಡುಗಳನ್ನು ಕೊಟ್ಟರು, ನೀವು ಎಂಥವನ್ನು ಕೊಡುತ್ತಿದ್ದೀರಿ?" ಎಂದು ನಾವೊಂದು ದಿನ ಉಪದೇಶಕ್ಕೆ ತೊಡಗಿದೆವು. ವಾಚಕರಿಗೆ ತಿಳಿದಂತೆ, ಇಂಡಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಪಿ. ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ಜನರ ಬಾಯಿಂದ ಹಾಡುಗಳನ್ನು ಆಯ್ದುಕೊಂಡು ೧೯೩೧ರಲ್ಲಿ 'ಗರತಿಯ ಹಾಡು', ೧೯೩೩ರಲ್ಲಿ 'ಜೀವನ ಸಂಗೀತ', ೧೯೩೫ರಲ್ಲಿ 'ಮಲ್ಲಿಗೆ ದಂಡೆ' ಎಂಬ ಪುಸ್ತಕಗಳನ್ನು ಹೊರತಂದರು. 'ಗರತಿಯ ಹಾಡು' ಹೊರಬಂದಾಗ ಮಧುರಚೆನ್ನರಿಗೆ ಮೂವತ್ತೂ ತುಂಬಿರಲಿಲ್ಲ.

ಹುಡುಗನು ಎಲ್ಲವನ್ನೂ ಕೇಳಿಕೊಂಡು ಎರಡೇ ಮಾತು ಹೇಳಿದನು. "ಕಾಕಾ, ಬೀಸೂಕಲ್ಲಿನ ಹಾಡು ಬರಕೋತ ತಿರಗ್ಯಾಡೂ ಹುಡುಗ್ರನ್ನ ನೋಡಿ ಅವತ್ತೂ ಮಂದಿ ನಕ್ಕಿರಬೇಕಲ್ರಿ?" ಎಂಬದು ಒಂದು. "ಹಾಡು ನೋಡೂದಲ್ಲ ಅಂತೀರಿ. ಹಂಗಾದ್ರ ನೀವು ರಾತ್ರಿಯೆಲ್ಲ ನಿದ್ದಿಗೆಟ್ಟು ಪಾರಿಜಾತ ಯಾಕ ನೋಡತಿದ್ರಿ?" ಎಂಬದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕಬಹುದಾಗಿತ್ತು. ಎರಡನೆಯದಕ್ಕೆ ಇರಲಿಲ್ಲ. ಶ್ರೀಕೃಷ್ಣ ಪಾರಿಜಾತವನ್ನು ನಾವು ಕಣ್ಣು ಮುಚ್ಚಿಕೊಂಡು ಎಂದೂ ಕೇಳಿದವರಲ್ಲ.

ಹೀಗಾಗಿ ಅವನ ಮೊದಲ ಚಿತ್ರಕ್ಕೆ ನಾವೂ ಜೊತೆಗೆ ಹೋಗುವಂತಾಯಿತು. ಹಾಡುವವನು ನೆರೆಯ ಹಳ್ಳಿಯ ತರುಣ. ಚಿತ್ರಕ್ಕೆಂದು ೧೫,೦೦೦ ರೂಪಾಯಿ ಕೊಟ್ಟಿದ್ದನು. ದೇವಣಗಾಂವದ ಹತ್ತಿರ ಭೀಮೆಯ ದಂಡೆಗೆ ಬೆಳಗಿನಲ್ಲಿಯೇ ಹೋದೆವು. ಹಾಡುವವನು ನೀರಿನಂಚಿಗೆ ನಿಂತು ತನ್ನ ಹಾಡನ್ನು ತಾನೇ ಎದೆತುಂಬಿ ಹಾಡಿದನು; ಹುಡುಗನು ನಾಲ್ಕು ಕಡೆಯಿಂದ ಚಿತ್ರ ತೆಗೆದನು. ಸಂಜೆಗೆ ಮನೆಯಲ್ಲಿ ಕೂಡಿಸಿ ನೋಡಿದರೆ ಅನರ್ಥವಾಗಿತ್ತು. ಮುದ್ರಿಸಿದ ಹಾಡು ಒಂದು ಲಯದಲ್ಲಿ, ದಂಡೆಯ ಮೇಲಿನ ತುಟಿಗಳು ಇನ್ನೊಂದು ಲಯದಲ್ಲಿ! ಪಲ್ಲವಿಯಲ್ಲಿ ಕೂಡಿದ ತುಟಿಗಳು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅರ್ಧ ಶಬ್ದ ಹಿಂದೆ ಬಿದ್ದಿದ್ದವು. ಮನುಷ್ಯನ ನೆನಪಿನ ತಾಳವು ಗಡಿಯಾರದ ತಾಳವಲ್ಲವಷ್ಟೆ.

ಈ ತೊಡಕನ್ನು ಬಿಡಿಸಿದ ಇತಿಹಾಸವೇ ದೊಡ್ಡದು. ಕನ್ನಡದ ಮೊದಲ ಮಾತಿನ ಚಿತ್ರವಾದ 'ಸತಿ ಸುಲೋಚನಾ' ೧೯೩೪ರ ಮಾರ್ಚಿಯಲ್ಲಿ ತೆರೆಗೆ ಬಂದಿತು, ವೈ. ವಿ. ರಾಯರು ಅದನ್ನು ನಮ್ಮ ನೆರೆಯ ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ ತೆಗೆದರು. ಆ ಕಾಲದಲ್ಲಿ ನಟರು ಕ್ಯಾಮರಾದ ಮುಂದೆಯೇ ಹಾಡಬೇಕು, ವಾದ್ಯದವರು ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸಬೇಕು. ಮರುವರ್ಷ, ಅಂದರೆ ೧೯೩೫ರಲ್ಲಿ, ಕಲಕತ್ತೆಯ ನ್ಯೂ ಥಿಯೇಟರ್ಸಿನ ನಿತಿನ್ ಬೋಸರು ಬಂಗಾಲಿಯ 'ಭಾಗ್ಯಚಕ್ರ'ದಲ್ಲಿಯೂ ಅದರ ಹಿಂದಿ ರೂಪವಾದ 'ಧೂಪ್ ಛಾಂವ್'ದಲ್ಲಿಯೂ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಅದನ್ನು ನುಡಿಸುತ್ತ ನಟರಿಂದ ತುಟಿಯಾಡಿಸುವ ದಾರಿ ತೋರಿದರು. ನಮ್ಮ ಹುಡುಗನು ಆ ಪಾಠವನ್ನು ಭೀಮೆಯ ದಂಡೆಯಲ್ಲಿ ಒಂದು ದಿನದ ಪೆಟ್ರೋಲು ಕಳೆದುಕೊಂಡು ಕಲಿತನು. ಮರುವಾರ ಒಂದು ಧ್ವನಿಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಅಲ್ಲಿಗೇ ಹೋದನು.

ಅಂದು ಅವನು ಮಾಡಿದ ಇನ್ನೊಂದು ಚಮತ್ಕಾರವನ್ನು ಹೇಳದಿದ್ದರೆ ನಮಗೆ ಸಮಾಧಾನವಿಲ್ಲ. ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿದನು. ಹಾಡುವವನು ಬೆದರಿದ ಗುಬ್ಬಿಯಂತೆ ಅವಸರವಸರವಾಗಿ ತುಟಿಯಾಡಿಸಿದನು. ನಾವು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಆದರೆ ಕ್ಯಾಮರಾ ಕ್ಷಣಕ್ಕೆ ೫೦ ಚಿತ್ರ ಹಿಡಿಯುತ್ತಿತ್ತು. ಅವನ್ನು ಕ್ಷಣಕ್ಕೆ ೨೫ರಂತೆ ಬಿಡಿಸಿದಾಗ ತುಟಿಗಳು ಹಾಡಿನ ನಿಜವಾದ ಲಯಕ್ಕೆ ಸರಿಯಾಗಿ ಕೂಡಿಕೊಂಡವು. ಗಾಳಿಗೆ ಹಾರುವ ರುಮಾಲು, ಕಾಲಡಿಯಿಂದ ಸಿಡಿದ ನೀರು ಮಾತ್ರ ಕನಸಿನಲ್ಲಿದ್ದಂತೆ ನಿಧಾನವಾಗಿ ಚಲಿಸುತ್ತಿದ್ದವು. ನಾವು ನಗುವದನ್ನು ಬಿಟ್ಟು ಎರಡು ಸಲ ನೋಡಿದೆವು.

ಅವನಿಗೆ ಈ ವಿದ್ಯೆಯ ಗುರುಗಳು ಊರಲ್ಲಿ ಯಾರೂ ಇಲ್ಲ, ಮೊಬೈಲಿನಲ್ಲಿದ್ದಾರೆ. ಅವರಲ್ಲೊಬ್ಬನ ಕಥೆಯನ್ನು ಅವನು ನಮಗೆ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದನು. ಫ್ರಾನ್ಸಿನ ವರ್ಸೇಲ್ಸಿನಲ್ಲಿ ೧೯೬೩ರಲ್ಲಿ ಹುಟ್ಟಿದ ಮಿಶೆಲ್ ಗೊಂಡ್ರಿ ಎಂಬವನು ಒಂದು ಚಿಕ್ಕ ಮೇಳದಲ್ಲಿ ತಾಳವಾದ್ಯ ಬಾರಿಸುತ್ತಿದ್ದನಂತೆ. ಮೇಳದ ಹೆಸರು 'ವಿ ವಿ'. ಕನ್ನಡದಲ್ಲಿ 'ಹೌದು ಹೌದು' ಎಂದರ್ಥ. ತಮ್ಮ ಮೇಳದ ಹಾಡುಗಳಿಗೆ ಅವನು ತಾನೇ ಚಿತ್ರ ಮಾಡಿದನು. ಮೇಳವೇನೋ ೧೯೯೨ರ ಹೊತ್ತಿಗೆ ಒಡೆಯಿತು; ಆದರೆ ಐಸ್‌ಲೆಂಡಿನ ಗಾಯಕಿ ಬ್ಯೋರ್ಕ್ ಆ ಚಿತ್ರಗಳಲ್ಲೊಂದನ್ನು ನೋಡಿ ಅವನನ್ನು ಕರೆಯಿಸಿದಳು. ೧೯೯೩ರಲ್ಲಿ ಅವಳ ಹಾಡಿಗೆ ಅವನು ಮಾಡಿದ ಚಿತ್ರದಿಂದ ಜಗತ್ತಿಗೆ ಅವನ ಪರಿಚಯವಾಯಿತು. ನಮ್ಮ ಜಾಲಂಧರದಲ್ಲಿ ಹುಟ್ಟಿದ ತರಸೇಮ್ ಸಿಂಗನೂ ೧೯೯೧ರಲ್ಲಿ ಅಮೇರಿಕೆಯ ಮೇಳವೊಂದರ ಹಾಡಿಗೆ ಚಿತ್ರ ಮಾಡಿಯೇ ಹೆಸರಾದನು. ಇದನ್ನು ಹೇಳುವಾಗ ಹುಡುಗನ ತುತ್ತು ಕೈಯಲ್ಲಿಯೇ ಒಣಗುತ್ತಿತ್ತು. ಅತ್ತಿಗೆಯವರು ಮಾತ್ರ, "ಅವರ ಅವ್ವಗೋಳು ಬಳಿ ಮಾರಿದ್ದರಂತೇನು?" ಎಂದು ಕೇಳಿ ಇನ್ನೊಂದು ರೊಟ್ಟಿ ಹಾಕಿದರು.

ನಮಗೆ ಆಗ ನೆನಪಾದದ್ದು ಬೇರೆ. ೧೯೮೮ರ ಆಗಸ್ಟ್ ೧೫ರಂದು, ದೆಹಲಿಯ ಕೆಂಪುಕೋಟೆಯ ಭಾಷಣದ ನಂತರ, ದೂರದರ್ಶನದಲ್ಲಿ 'ಮಿಲೇ ಸುರ್ ಮೇರಾ ತುಮ್ಹಾರಾ' ಎಂಬ ಹಾಡಿನ ಚಿತ್ರ ಮೊದಲ ಸಲ ಬಂದಿತು. ಕೈಲಾಸ ಸುರೇಂದ್ರನಾಥರು ದೇಶವೆಲ್ಲ ಸುತ್ತಿ ತೆಗೆದ ಚಿತ್ರವದು. ಅದರ ಆರಂಭದಲ್ಲಿ ಕಾಣುವವರು ನಮ್ಮ ಗದುಗಿನ ಮಣ್ಣಿನ ಭೀಮಸೇನ ಜೋಶಿಯವರು. ನಡುವೆ ಕನ್ನಡದ ಸಾಲೂ ಬರುತ್ತದೆ. ಆ ದಿನಗಳಲ್ಲಿ ಓಣಿಗೊಂದು ಪೆಟ್ಟಿಗೆಯಿದ್ದರೆ ಹೆಚ್ಚು. ಬೇರೆಯವರ ಪಡಸಾಲೆಯಲ್ಲಿ ಕುಳಿತು ನಾವು ಅದನ್ನು ಎಷ್ಟು ಸಲ ನೋಡಿದೆವೋ! ಹಾಡು ನೋಡತಕ್ಕದ್ದಲ್ಲವೆಂಬ ಮತ ಆಗ ಎಲ್ಲಿ ಹೋಗಿತ್ತೋ, ನಾವರಿಯೆವು.

ಇನ್ನು ನಮ್ಮ ತಪ್ಪಿನ ಸಂಗತಿಗೆ ಬರುವೆವು.

ಹಾಡಿನ ಕಡೆಯ ಚರಣಕ್ಕೆ ಹತ್ತಿ ಬಿಡಿಸುವ ಹೊಲದ ಚಿತ್ರ ಬೇಕಾಗಿತ್ತು. ಊರ ಹೊರಗೆ ಪರಿಚಿತರ ಹೊಲದಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದರು. ಹೊತ್ತು ಇಳಿಯುತ್ತಿತ್ತು; ಎರೆಯ ಹೊಲದ ಮೇಲೆ ಬಿಸಿಲು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಹುಡುಗನು ಕ್ಯಾಮರಾ ಕೆಳಗಿಟ್ಟು, "ಒಂದ ನಿಮಿಷ ತಡೀರಿ ಕಾಕಾ, ಅಕ್ಕಗೋಳನ್ನ ಕೇಳಿ ಬರ್ತೀನಿ" ಎಂದನು. ನಾವು ಬೆಳಗಿನಿಂದ ಬಿಸಿಲಲ್ಲಿ ದಣಿದಿದ್ದೆವು. ಮನೆಯ ಚಹದ ನೆನಪಾಗಿತ್ತು. "ಕೇಳಕೋತ ಕುಂತ್ರ ಹೊತ್ತು ಮುಳಗತೈತಿ. ತಗದ ಬಿಡು, ಏನಾಗೂದೈತಿ?" ಎಂದೆವು. ಹುಡುಗನು ಒಂದು ಗಳಿಗೆ ನಿಂತನು, ಆಮೇಲೆ ತೆಗೆದನು.

ಚಿತ್ರ ಒಳ್ಳೆಯದಾಗಿಯೇ ಬಂದಿತು. ಮೂರು ವಾರಗಳಲ್ಲಿ ೬೨,೦೦೦ ಸಲ ಅದನ್ನು ಜನ ನೋಡಿದರು. ಓಣಿಯ ಹುಡುಗರು ಇವನನ್ನು ಡೈರೆಕ್ಟರೆಂದು ಕರೆಯಹತ್ತಿದರು. ಅತ್ತಿಗೆಯವರು ನೌಕರಿಯ ಮಾತನ್ನು ಎತ್ತದೆ ಎಂಟು ದಿನ ಕಳೆದರು.

ಒಂಬತ್ತನೆಯ ದಿನ ಬೆಳಿಗ್ಗೆ ಹಿರಿಯರೊಬ್ಬರು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಚಹ ತಂದರೆ ಮುಟ್ಟಲಿಲ್ಲ. ಹತ್ತಿಯ ಹೊಲದಲ್ಲಿದ್ದವರಲ್ಲಿ ಒಬ್ಬಳು ಅವರ ಸೊಸೆ; ಮದುವೆಯಾಗಿ ವರ್ಷ ತುಂಬಿಲ್ಲ. ಚಿತ್ರದಲ್ಲಿ ಅವಳು ಯಾರದೋ ಚೇಷ್ಟೆಯ ಮಾತಿಗೆ ತಿರುಗಿ ನಕ್ಕಿದ್ದಾಳೆ. ತಲೆಯ ಮೇಲಿನ ಸೆರಗು ಜಾರಿದೆ. ಅಷ್ಟೇ. ಆದರೆ ಅವಳ ಗಂಡನು ದುಡಿಯಲಿಕ್ಕೆ ಹೋದ ಪುಣೆಯಲ್ಲಿ ಜೊತೆಯ ಗೌಂಡಿಗಳು ರಾತ್ರಿ ಮೊಬೈಲು ತೆರೆದು ಅವಳ ನಗೆಯನ್ನು ಮತ್ತೆ ಮತ್ತೆ ಹಿಂದಕ್ಕೆ ಹೊರಳಿಸಿ ಅವನಿಗೆ ತೋರಿಸಿ ನಕ್ಕರಂತೆ. ಅವನು ಮನೆಗೆ ಫೋನು ಮಾಡಿ ಆಡಬಾರದ ಮಾತು ಆಡಿದನು. ಹೆಣ್ಣುಮಗಳು ಎರಡು ದಿನದಿಂದ ಉಂಡಿಲ್ಲ.

"ಮಾಸ್ತರ, ನಮ್ಮ ಹುಡುಗ್ರಿಗೆ ಅಕ್ಷರಾ ಕಲಿಸಿದಾವ್ರು ನೀವು. ನಿಮ್ಮ ಮನ್ಯಾಗಿಂದ ಹಿಂಗಾದ್ರ ನಾವು ಯಾರ ಮುಂದ ಹೇಳೂಣ್ರಿ?" ಎಂದರು ಹಿರಿಯರು.

ನಾವು ಬಾಯಿ ತೆರೆಯುವಷ್ಟರಲ್ಲಿ ಹುಡುಗನು ಒಳಗಿನಿಂದ ಬಂದು ಕೈಮುಗಿದು ನಿಂತನು. "ತಪ್ಪು ನಂದ ಐತ್ರಿ ಎಪ್ಪಾ. ಕೇಳಿ ತಗೀಬೇಕಿತ್ತು, ಕೇಳಲಿಲ್ಲ" ಎಂದನು. ನಮ್ಮ ಕಡೆಗೆ ತಿರುಗಿಯೂ ನೋಡಲಿಲ್ಲ. ನಾವು ಸುಮ್ಮನಿದ್ದೆವು. ವಾಚಕರೇ, ಆ ಮೌನವನ್ನು ಬರೆಯಬೇಕೆಂದೇ ನಾವು ಈ ಲೇಖನವನ್ನು ಹಿಡಿದದ್ದು.

ಹಿರಿಯರು ಹೋದ ಮೇಲೆ ಹುಡುಗನು ಯಂತ್ರದ ಮುಂದೆ ಕುಳಿತನು. ದಾರಿಗಳು ಮೂರಿದ್ದವು. ಯೂಟ್ಯೂಬಿನಲ್ಲಿ ಒಮ್ಮೆ ಏರಿಸಿದ ಚಿತ್ರದ ಸ್ಥಳದಲ್ಲಿ ತಿದ್ದಿದ ಇನ್ನೊಂದನ್ನು ಇಡಲು ಬರುವದಿಲ್ಲ. ಬೇಡಾದ ತುಣುಕನ್ನು ಕತ್ತರಿಸಬಹುದು. ಆದರೆ ಚಿತ್ರದೊಡನೆ ಆ ೧೧ ಕ್ಷಣಗಳ ಹಾಡೂ ಕತ್ತರಿಸಿ ಹೋಗಿ ಚರಣವು ಕುಂಟುತ್ತದೆ. ಮುಖವನ್ನಷ್ಟೇ ಮಸುಕು ಮಾಡಬಹುದು. ನಾವು ಇದನ್ನೇ ಮಾಡೆಂದೆವು, ಯಾರಿಗೂ ನಷ್ಟವಿಲ್ಲವೆಂದೆವು. ಹುಡುಗನು ತಲೆಯಲ್ಲಾಡಿಸಿದನು. "ಕಾಕಾ, ಟೀವಿಯೊಳಗ ಯಾರ ಮೋರಿ ಮಸುಕು ಮಾಡ್ತಾರ? ಕಳ್ಳರದು. ಇಲ್ಲಾಂದ್ರ ಹೇಳಬಾರದ್ದು ಏನೋ ಆದ ಹೆಣ್ಣಮಕ್ಕಳದು. ಆಕಿ ಹತ್ತಿ ಬಿಡಸಾಕತ್ತಿದ್ದಳ್ರಿ" ಎಂದನು. ಮೂರನೆಯ ದಾರಿಯೆಂದರೆ ಚಿತ್ರವನ್ನು ಪೂರ್ತಿಯಾಗಿ ತೆಗೆದುಹಾಕುವದು. ಅಂದೇ ಮಧ್ಯಾಹ್ನ ತೆಗೆದನು. ೬೨,೦೦೦ ಹೋಗಿ ಸೊನ್ನೆಯಾಯಿತು. ಸಂಜೆಗೆ ಹಾಡಿನವನು ಬಂದು ಕೂಗಾಡಿ ತನ್ನ ಹಣ ಕೇಳಿದನು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ೩೨ ವರ್ಷ ಮಕ್ಕಳಿಗೆ ಸತ್ಯವನ್ನು ನುಡಿಯೆಂದು ಹೇಳಿದ ಬಾಯಿ, ಒಂದು ವಾಕ್ಯ ನುಡಿಯಬೇಕಾದಾಗ ಮುಚ್ಚಿಕೊಂಡಿತ್ತು. ಬೆಳಗಾಗುತ್ತಲೆ ಹಿರಿಯರ ಮನೆಗೆ ಹೋಗಿ, ಹುಡುಗನು ಕೇಳಹೊರಟಿದ್ದನೆಂದೂ ತಡೆದವರು ನಾವೆಂದೂ ಹೇಳಿದೆವು. ಅವರು ಬಹಳ ಹೊತ್ತು ನೆಲವನ್ನೇ ನೋಡುತ್ತ ಕುಳಿತಿದ್ದು, "ನನ್ನ ಮುಂದ ಹೇಳಿದ್ರ ಏನಾತ್ರಿ ಮಾಸ್ತರ? ತಪ್ಪು ಒಪ್ಪೂದಿದ್ರ ಆಕಿ ಮುಂದ ಒಪ್ರಿ" ಎಂದರು.

ನಮಗೆ ಆಗ ೬೮ ವರ್ಷ. ಅವಳು ನಮ್ಮ ಮೊಮ್ಮಗಳ ಓರಗೆಯವಳು. ಒಳಬಾಗಿಲಿನ ಹತ್ತಿರ ತಲೆತುಂಬ ಸೆರಗು ಹೊದ್ದು ನಿಂತಿದ್ದಳು. ನಾವು ಹೇಳಬೇಕಾದದ್ದನ್ನು ಹೇಳಿದೆವು. ಅವಳು ಏನೂ ಅನ್ನಲಿಲ್ಲ, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹದ ಬಟ್ಟಲು ಮಾತ್ರ ಹೊರಗೆ ಬಂದಿತು. ಹಿರಿಯರು ತಮ್ಮ ಮಗನಿಗೆ ಫೋನಿನಲ್ಲಿ ಏನು ಹೇಳಿದರೋ, ಅದು ಅವರ ಮನೆಯ ಮಾತು. ಮುಂದಿನ ಅಮಾವಾಸ್ಯೆಗೆ ಅವನು ಊರಿಗೆ ಬಂದು ನಾಲ್ಕು ದಿನವಿದ್ದು ಹೋದನೆಂದು ಮಾತ್ರ ಬಲ್ಲೆವು. ಹಾಡಿನವನ ೧೫,೦೦೦ದಲ್ಲಿ ಅರ್ಧವನ್ನು ನಮ್ಮ ಪಿಂಚಣಿಯಿಂದ ಕೊಟ್ಟೆವು. ಉಳಿದರ್ಧಕ್ಕೆ ಬದಲಾಗಿ ಚಿತ್ರವನ್ನು ಹೊಸದಾಗಿ ಮಾಡಿಕೊಡುವೆನೆಂದು ಹುಡುಗನು ಒಪ್ಪಿಸಿದನು.

ಕಡೆಯ ಚರಣದ ೧೧ ಕ್ಷಣಗಳು ಬರಿದಾಗಿಯೇ ಉಳಿದಿದ್ದವು. ಏನು ತುಂಬಬೇಕೆಂದು ಹುಡುಗನಿಗೆ ಹೊಳೆಯುತ್ತಿರಲಿಲ್ಲ. ಹೀಗಿರುವಲ್ಲಿ ಒಂದು ದಿನ ಸಂತೆಯಲ್ಲಿ ಆ ಹೆಣ್ಣುಮಗಳು ನಮ್ಮ ಅತ್ತಿಗೆಯವರನ್ನು ಕಂಡು ತಾನಾಗಿಯೇ ನಿಂತಳಂತೆ. "ಎತ್ತಿ, ನಿಮ್ಮ ಹುಡುಗಗ ಹೇಳ್ರಿ. ನನ್ನ ಮೋರಿ ಬ್ಯಾಡ. ಬೇಕಾದ್ರ ಕೈ ತಗೋ ಅನ್ರಿ. ಹತ್ತಿ ಬಿಡಸೂದು ನನ್ನಷ್ಟು ಚೆಂದ ಈ ಊರಾಗ ಯಾರಿಗೂ ಬರೂದಿಲ್ಲ" ಎಂದಳಂತೆ. ಮನೆಯವರನ್ನು ಕೇಳಿಯೇ ಹೇಳುತ್ತಿದ್ದೇನೆಂದೂ ಅಂದಳಂತೆ.

ಕಡೆಯ ಬಿಡಿ ಹತ್ತಿ ಇನ್ನೂ ಗಿಡದ ಮೇಲಿತ್ತು. ಅತ್ತಿಗೆಯವರೂ ಹಿರಿಯರೂ ಬದುವಿನ ಮೇಲೆ ಕುಳಿತರು. ನಾವು ಈ ಸಲ ಬಾಯಿಗೆ ಬೀಗ ಹಾಕಿಕೊಂಡು ದೂರ ನಿಂತೆವು. ಹುಡುಗನು ಗಿಡದ ಎತ್ತರಕ್ಕೆ ಕುಕ್ಕರಿಸಿ ಬರಿಯ ಕೈಗಳನ್ನು ತೆಗೆದನು. ಒಣಗಿದ ಕಾಯಿಯ ಮುಳ್ಳಿನಂಥ ತುದಿಗಳು ಬೆರಳಿಗೆ ತಾಕದಂತೆ ಐದೂ ಬೆರಳು ಒಮ್ಮೆಲೆ ಒಳಹೋಗಿ, ನಾಲ್ಕು ಎಸಳಿನ ಹತ್ತಿಯನ್ನು ಒಂದು ಎಳೆಯೂ ಉಳಿಯದಂತೆ ಸೆಳೆದುಕೊಂಡು, ತಿರುಗಿ ಉಡಿಗೆ ಹೋಗುತ್ತವೆ. ಹಸಿರು ಬಳೆಗಳು ಪ್ರತಿ ಸಲವೂ ಹಾಡಿನ ತಾಳಕ್ಕೆ ಸರಿಯಾಗಿ ಜಾರುತ್ತವೆ. ತಾಳಕ್ಕೆ ಕೂಡಿಸಿದವನು ಹುಡುಗನೋ, ಅವಳ ಕೈಯಲ್ಲಿಯೇ ಆ ತಾಳವಿತ್ತೋ, ನಮಗೆ ತಿಳಿಯಲಿಲ್ಲ. ಮೊದಲಿನ ನಗೆಯ ಚಿತ್ರಕ್ಕಿಂತ ಇದು ಮೇಲಾಗಿತ್ತೆಂದು ಹೇಳುವದು ನಮ್ಮ ತಪ್ಪನ್ನು ತೊಳೆದುಕೊಳ್ಳುವ ಉಪಾಯವಾದೀತು, ಆದುದರಿಂದ ಹೇಳುವದಿಲ್ಲ. ಬೇರೆಯಾಗಿತ್ತು.

ಎರಡನೆಯ ಸಲ ಏರಿಸಿದ ಚಿತ್ರವನ್ನು ಮೂರು ವಾರಗಳಲ್ಲಿ ೧೯,೦೦೦ ಸಲ ನೋಡಿದರು. ಮೊದಲಿನದರ ಮೂರನೆಯ ಒಂದು ಪಾಲೂ ಇಲ್ಲ. ಹೊಸತನ ಒಮ್ಮೆ ಕಳೆದರೆ ಮತ್ತೆ ಬರುವದಿಲ್ಲವೆಂದು ಹುಡುಗನು ಹೇಳಿದನು. ಅತ್ತಿಗೆಯವರು ನೌಕರಿಯ ಮಾತನ್ನು ಮತ್ತೆ ಎತ್ತಿದ್ದಾರೆ. ಹುಡುಗನು ಈಚೆಗೆ ನಾಲ್ಕನೆಯ ಹಾಡಿನ ಕೆಲಸ ಹಿಡಿದಿದ್ದಾನೆ. ಈ ಎರಡರಲ್ಲಿ ಯಾವುದು ಗೆಲ್ಲುವದೋ ಕಾದು ನೋಡಬೇಕು.

ಮೊನ್ನೆ ನಾವು 'ಗರತಿಯ ಹಾಡು' ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಿದ್ದೆವು. ಕೂಡಿಸಿದವರ ಹೆಸರುಗಳನ್ನು ನಾವು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆವು. ಶಾಲೆಯಲ್ಲಿ ಅವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇವೆ. ಬೀಸುಕಲ್ಲಿನ ಮುಂದೆ ಕುಳಿತು ಆ ಹಾಡುಗಳನ್ನು ಹಾಡಿದ ಒಬ್ಬಳ ಹೆಸರನ್ನಾದರೂ ತಿಳಿಯಬೇಕೆಂಬ ಆಸೆ ಇಷ್ಟು ವರ್ಷ ನಮಗೆ ಹುಟ್ಟಿರಲಿಲ್ಲ. ಹುಡುಗನ ಚೀಲದಲ್ಲಿ ಈಗ ಒಂದು ನೂರು ಪುಟದ ವಹಿಯಿದೆ. ಯಾರ ಚಿತ್ರ ತೆಗೆಯಬೇಕಾದರೂ ಮೊದಲು ಕೇಳಿ, ಅದರಲ್ಲಿ ಅವರ ಹೆಸರು ಬರೆದುಕೊಂಡು, ಸಹಿ ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಮುಖ ಬೇಡವೆಂದವರ ಹೆಸರಿನ ಮುಂದೆ 'ಕೈ' ಎಂದು ಬರೆದಿರುತ್ತಾನೆ. ಆ ವಹಿಯ ಮೊದಲನೆಯ ಹೆಸರು ಯಾರದೆಂಬದನ್ನು ಮಾತ್ರ ನಾವು ಇಲ್ಲಿ ಬರೆಯಲಾರೆವು. ಅವಳನ್ನು ಕೇಳಿಲ್ಲ.